ಗುರಾಣಿಯ ಮೇಲಿನ ಗುರುತು

ಕ್ರಿ.ಶ. 1066ರ ಅಕ್ಟೋಬರ್ 14ರಂದು ಇಂಗ್ಲೆಂಡಿನ ಹೇಸ್ಟಿಂಗ್ಸ್ ಎಂಬಲ್ಲಿ ನಡೆದ ಕಾಳಗವನ್ನು ನಿಮಗೆ ಪಾಠ ಮಾಡಿದ್ದುಂಟು. ನಾರ್ಮಂಡಿಯ ವಿಲಿಯಂ ಗೆದ್ದನು, ಹೆರಾಲ್ಡ್ ಮಡಿದನು ಎಂಬಷ್ಟನ್ನು ನೀವು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದದ್ದೂ ಉಂಟು. ಪಠ್ಯಪುಸ್ತಕದಲ್ಲಿ ಇಲ್ಲದ ಒಂದು ಸಣ್ಣ ಸಂಗತಿಯನ್ನು ಈಗ ಹೇಳುತ್ತೇನೆ. ಆ ಯುದ್ಧದ ನಡುವೆ ವಿಲಿಯಂ ಸತ್ತನೆಂಬ ಸುದ್ದಿ ಹಬ್ಬಿ ಅವನ ಸೈನ್ಯ ಹಿಮ್ಮೆಟ್ಟತೊಡಗಿತು. ಆಗ ವಿಲಿಯಂ ತನ್ನ ಶಿರಸ್ತ್ರಾಣವನ್ನು ಹಿಂದಕ್ಕೆ ಸರಿಸಿ, ಮುಖ ತೋರಿಸಿ, ತಾನು ಬದುಕಿರುವೆನೆಂದು ಸಾರಬೇಕಾಯಿತು. ಬೇಯೋ ಪಟ್ಟಣದ ಪ್ರಸಿದ್ಧವಾದ ಕಸೂತಿ ಪಟದಲ್ಲಿ ಈ ದೃಶ್ಯವಿದೆ. ಅದೇ ಪಟದಲ್ಲಿ ಯೋಧರ ಗುರಾಣಿಗಳ ಮೇಲೆ ಶಿಲುಬೆ, ಚುಕ್ಕೆ, ರೆಕ್ಕೆಯ ಸರ್ಪ ಮೊದಲಾದ ಚಿತ್ರಗಳೂ ಇವೆ. ಆದರೆ ಒಬ್ಬನೇ ವ್ಯಕ್ತಿ ಒಂದೆಡೆ ಒಂದು ಚಿತ್ರವನ್ನೂ ಮತ್ತೊಂದೆಡೆ ಬೇರೆ ಚಿತ್ರವನ್ನೂ ಹಿಡಿದಿರುತ್ತಾನೆ. ಅವು ಅಲಂಕಾರಗಳೇ ಹೊರತು ಗುರುತುಗಳಲ್ಲ. ಗುರುತುಗಳಾಗಿದ್ದಲ್ಲಿ ರಾಜನು ಮುಖ ತೋರಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಇದಾದ ಸುಮಾರು ನೂರು ವರ್ಷಗಳೊಳಗೆ ಪರಿಸ್ಥಿತಿ ಬದಲಾಯಿತು. ಫ್ರಾನ್ಸಿನ ಆಂಜೂ ಸೀಮೆಯ ದೊರೆ ಜೆಫ್ರಿ 1151ರಲ್ಲಿ ತೀರಿಕೊಂಡನು. ಅವನ ಸಮಾಧಿಗಾಗಿ ಮಾಡಿದ ಒಂದು ಎನಾಮಲ್ ಫಲಕ ಇಂದಿಗೂ ಲ ಮಾನ್ ನಗರದಲ್ಲಿದೆ. ಅದರಲ್ಲಿ ಅವನು ನೀಲಿ ಬಣ್ಣದ ನೀಳವಾದ ಗುರಾಣಿಯನ್ನು ಹಿಡಿದು ನಿಂತಿದ್ದಾನೆ. ಗುರಾಣಿಯ ತುಂಬ ಚಿನ್ನದ ಸಿಂಹಗಳು. ಮುಂದೆ 1226ರಲ್ಲಿ ತೀರಿಕೊಂಡ ಅವನ ಮೊಮ್ಮಗ ವಿಲಿಯಂ ಲಾಂಗೆಸ್ಪೀಯ ಸಮಾಧಿ ಸಾಲ್ಸ್‌ಬರಿಯ ಪ್ರಧಾನ ಇಗರ್ಜಿಯಲ್ಲಿದೆ. ಅಲ್ಲಿಯ ಗುರಾಣಿಯೂ ನೀಲಿಯೇ. ಅದರ ಮೇಲೂ ಅವೇ ಚಿನ್ನದ ಸಿಂಹಗಳು. ಅಜ್ಜನ ಚಿಹ್ನೆ ಮೊಮ್ಮಗನಿಗೆ ಬಂದಿತ್ತು. ಒಬ್ಬ ವ್ಯಕ್ತಿಗೆ ಒಂದು ನಿಶ್ಚಿತವಾದ ಚಿಹ್ನೆ, ಅದು ಆಸ್ತಿಯಂತೆ ಮಕ್ಕಳು ಮೊಮ್ಮಕ್ಕಳಿಗೆ ಸಲ್ಲುವುದು ಎಂಬ ಈ ಪದ್ಧತಿಯಿಂದಲೇ ಇಂಗ್ಲಿಷಿನಲ್ಲಿ ‘ಹೆರಾಲ್ಡ್ರಿ’ ಎನ್ನಲಾಗುವ ಶಾಸ್ತ್ರ ಹುಟ್ಟಿತು. ಲಾಂಛನಶಾಸ್ತ್ರ ಎಂದು ನಾವು ಕರೆಯಬಹುದು.

ಹೆರಾಲ್ಡ್ ಎಂದರೆ ಸಾರುವವನು. ನಮ್ಮ ಅರಮನೆಗಳಲ್ಲಿ ಬಹುಪರಾಕು ಹೇಳುತ್ತಿದ್ದ ವಂದಿಮಾಗಧರನ್ನು ನೆನೆದುಕೊಳ್ಳಿ. ಯುರೋಪಿನ ಪಂದ್ಯಗಳಲ್ಲಿ, ಮುಖ ಮುಚ್ಚಿದ ಸವಾರರು ಈಟಿ ಹಿಡಿದು ಎದುರಾಗುವಾಗ, ಇವನು ಇಂಥವನು ಎಂದು ಕೂಗಿ ಹೇಳುವುದು ಇವರ ಕೆಲಸ. ಹಾಗೆ ಹೇಳಬೇಕಾದರೆ ನೂರಾರು ಗುರಾಣಿಗಳು ನೆನಪಿನಲ್ಲಿರಬೇಕು. ಅದಕ್ಕಾಗಿ ಉದ್ದನೆಯ ಚರ್ಮದ ಸುರುಳಿಗಳಲ್ಲಿ ಅವುಗಳನ್ನು ಸಾಲಾಗಿ ಬರೆದು, ಹೆಸರು ಹಾಕಿ ಇಟ್ಟುಕೊಳ್ಳುತ್ತಿದ್ದರು. ಹೊಗಳುವವನೇ ಕ್ರಮೇಣ ದಫ್ತರದವನಾದನು.

ಈ ಶಾಸ್ತ್ರದ ಮೂಲನಿಯಮ ಬಹಳ ಸರಳ. ಚಿನ್ನ ಮತ್ತು ಬೆಳ್ಳಿ, ಅಂದರೆ ಹಳದಿ ಮತ್ತು ಬಿಳಿ, ಇವು ‘ಲೋಹಗಳು’. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಇವು ‘ಬಣ್ಣಗಳು’. ಲೋಹದ ಮೇಲೆ ಲೋಹ ಕೂಡದು, ಬಣ್ಣದ ಮೇಲೆ ಬಣ್ಣ ಕೂಡದು. ಇದರ ಕಾರಣವನ್ನು ತಿಳಿಯಲು ಮೇಷ್ಟ್ರಾದವನಿಗೆ ಗ್ರಂಥಗಳು ಬೇಕಿಲ್ಲ. ಕಪ್ಪುಹಲಗೆಯ ಮೇಲೆ ನೀಲಿ ಸೀಮೆಸುಣ್ಣದಲ್ಲಿ ಬರೆದರೆ ಹಿಂದಿನ ಬೆಂಚಿನವರಿಗೆ ಏನೂ ಕಾಣದು. ಹಳದಿಯಲ್ಲೋ ಬಿಳಿಯಲ್ಲೋ ಬರೆದರೆ ಕಿಟಕಿಯ ಹೊರಗೆ ನಿಂತವನೂ ಓದಿಯಾನು. ಧೂಳು ತುಂಬಿದ ರಣರಂಗದಲ್ಲಿ ದೂರದಿಂದ ಗುರುತು ಹಿಡಿಯುವುದಕ್ಕೆ ಬೇಕಾದದ್ದೂ ಅಷ್ಟೇ. ಜೆರುಸಲೇಮಿನ ಕ್ರೈಸ್ತ ರಾಜ್ಯ ಮಾತ್ರ ಬೆಳ್ಳಿಯ ಮೇಲೆ ಚಿನ್ನದ ಶಿಲುಬೆಗಳನ್ನು ಇಟ್ಟುಕೊಂಡು ಈ ನಿಯಮಕ್ಕೆ ಹೆಸರಾಂತ ಅಪವಾದವಾಯಿತು. ನೀಲಿಗೆ ಈ ಶಾಸ್ತ್ರದಲ್ಲಿ ‘ಅಜೂರ್’ ಎಂದು ಹೆಸರು. ಅದರ ಮೂಲ ಪಾರಸಿಯ ‘ಲಾಜವರ್ದ್’. ಪರದೇಶದ ಶಾಸ್ತ್ರವೆಂದು ದೂರ ನಿಲ್ಲುವವರಿಗೆ ಇದನ್ನು ಹೇಳಬೇಕೆನಿಸಿತು.

ಇಬ್ಬರು ಒಂದೇ ಚಿಹ್ನೆಯನ್ನು ಧರಿಸಿ ಎದುರಾದರೆ? ಹಾಗೊಂದು ಪ್ರಸಂಗ 1385ರಲ್ಲಿ ನಡೆಯಿತು. ಎರಡನೆಯ ರಿಚರ್ಡ್ ದೊರೆ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ, ಯಾರ್ಕ್‌ಷೈರಿನ ಸರ್ ರಿಚರ್ಡ್ ಸ್ಕ್ರೂಪ್ ಮತ್ತು ಚೆಷೈರಿನ ಸರ್ ರಾಬರ್ಟ್ ಗ್ರೋವ್‌ನರ್ ಎಂಬಿಬ್ಬರು ಒಂದೇ ಗುರಾಣಿಯನ್ನು ಹಿಡಿದು ಬಂದಿದ್ದರು. ನೀಲಿ ನೆಲ, ಅದರ ಮೇಲೆ ಓರೆಯಾಗಿ ಎಳೆದ ಒಂದು ಚಿನ್ನದ ಪಟ್ಟಿ. ಅಷ್ಟಕ್ಕೇ ವ್ಯಾಜ್ಯ ಹೂಡಲಾಯಿತು. ಐದು ವರ್ಷ ನಡೆದ ಆ ವ್ಯಾಜ್ಯದಲ್ಲಿ ನೂರಾರು ಮಂದಿ ಸಾಕ್ಷಿ ನುಡಿದರು. ಸ್ಕ್ರೂಪನ ಪರವಾಗಿ ಬಂದವರಲ್ಲಿ ಇಂಗ್ಲಿಷ್ ಕಾವ್ಯದ ಪಿತಾಮಹನೆನಿಸಿದ ಜೆಫ್ರಿ ಚಾಸರನೂ ಇದ್ದನು. 1386ರ ಅವನ ಹೇಳಿಕೆ ಇಂದಿಗೂ ಉಳಿದಿದೆ. ಫ್ರಾನ್ಸಿನ ಯುದ್ಧದಲ್ಲಿ ರೆಟೆಲ್ ಪಟ್ಟಣದ ಎದುರು ಸ್ಕ್ರೂಪನು ಇದೇ ಚಿಹ್ನೆ ಧರಿಸಿದ್ದನ್ನು ಅವನು ಕಂಡಿದ್ದನಂತೆ. ಇನ್ನೊಂದು ದಿನ ಲಂಡನ್ನಿನ ಫ್ರೈಡೇ ಬೀದಿಯಲ್ಲಿ ನಡೆದು ಹೋಗುತ್ತಿರುವಾಗ, ಒಂದು ಮನೆಯ ಹೊರಗೆ ಈ ಚಿಹ್ನೆಯ ಹೊಸ ಫಲಕ ನೇತಾಡುತ್ತಿತ್ತು. ಸ್ಕ್ರೂಪರ ಚಿಹ್ನೆಯನ್ನು ತೂಗಹಾಕಿರುವ ಈ ಬಿಡಾರ ಯಾವುದು ಎಂದು ವಿಚಾರಿಸಿದಾಗ, ಇದು ಸ್ಕ್ರೂಪರದಲ್ಲ, ಚೆಷೈರಿನ ಗ್ರೋವ್‌ನರ್ ಎಂಬವರದು ಎಂದು ಉತ್ತರ ಬಂದಿತು. ಗ್ರೋವ್‌ನರ್ ಎಂಬ ಹೆಸರನ್ನು ತಾನು ಕೇಳಿದ್ದು ಅದೇ ಮೊದಲು ಎಂದು ಚಾಸರನು ನ್ಯಾಯಾಧಿಕಾರಿಗಳಿಗೆ ತಿಳಿಸಿದನು. ಎದುರಾಳಿಗೆ ಇದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಕವಿಗೂ ಕಷ್ಟವೇ!

ಈ ಮೊದಲು ಕಾರ್ನ್‌ವಾಲಿನ ಕಾರ್ಮಿನೋ ಎಂಬ ಮನೆತನದವನೂ ಇದೇ ಚಿಹ್ನೆಗಾಗಿ ಸ್ಕ್ರೂಪನೊಂದಿಗೆ ಜಗಳವಾಡಿದ್ದನು. ತಮಗೆ ಇದು ಆರ್ಥರ್ ಮಹಾರಾಜನ ಕಾಲದಿಂದ ಬಂದದ್ದು ಎಂದು ಅವನ ವಾದ. ತಮಗೆ ವಿಲಿಯಂ ದೊರೆಯ ಕಾಲದಿಂದ ಬಂದದ್ದು ಎಂದು ಸ್ಕ್ರೂಪನ ವಾದ. ಆರ್ಥರ್ ಮಹಾರಾಜನನ್ನು ಯಾರು ಕಂಡವರು? ಆ ಇಬ್ಬರಿಗೂ ಚಿಹ್ನೆಯನ್ನು ಉಳಿಸಿಕೊಳ್ಳಲು ಅಪ್ಪಣೆಯಾಗಿತ್ತು. ಆದರೆ ಗ್ರೋವ್‌ನರನಿಗೆ ಆ ಅದೃಷ್ಟವಿರಲಿಲ್ಲ. 1389ರ ತೀರ್ಪಿನಲ್ಲಿ ಚಿಹ್ನೆ ಸ್ಕ್ರೂಪನದೆಂದೂ, ಗ್ರೋವ್‌ನರನು ಬೇಕಾದರೆ ಸುತ್ತಲೂ ಬೆಳ್ಳಿಯ ಅಂಚನ್ನು ಸೇರಿಸಿ ಅದನ್ನೇ ಧರಿಸಬಹುದೆಂದೂ ಹೇಳಲಾಯಿತು. ಮೇಲ್ಮನವಿಯಲ್ಲಿ, 1390ರಲ್ಲಿ, ದೊರೆ ಅದನ್ನೂ ತಳ್ಳಿಹಾಕಿದನು. ಅಂಚು ಸೇರಿಸಿ ಭೇದ ತೋರಿಸುವುದು ರಕ್ತಸಂಬಂಧಿಗಳಾದ ದಾಯಾದಿಗಳಿಗೆ ಸಲ್ಲುವ ಪದ್ಧತಿ, ಹೊರಗಿನವನಿಗೆ ಅದು ಸಲ್ಲದು ಎಂಬುದು ದೊರೆಯ ಮಾತು. ಗ್ರೋವ್‌ನರನು ನೀಲಿ ನೆಲದ ಮೇಲೆ ಒಂದು ಚಿನ್ನದ ಗೋಧಿಯ ಸಿವುಡನ್ನು ಇಟ್ಟುಕೊಂಡು ಸಮಾಧಾನ ಮಾಡಿಕೊಂಡನು. ಆ ಮನೆತನದವರು ಮುಂದೆ ವೆಸ್ಟ್‌ಮಿನ್‌ಸ್ಟರಿನ ಡ್ಯೂಕರಾದರು. ಲಂಡನ್ನಿನ ಅತಿ ಶ್ರೀಮಂತರಾದ ಆ ಡ್ಯೂಕರಲ್ಲಿ ಒಬ್ಬನು ತನ್ನ ಪಂದ್ಯದ ಕುದುರೆಗೆ ‘ಬೆಂಡ್ ಓರ್’, ಅಂದರೆ ಚಿನ್ನದ ಓರೆಪಟ್ಟಿ, ಎಂದು ಹೆಸರಿಟ್ಟನು. ಅದು 1880ರ ಡರ್ಬಿ ಪಂದ್ಯವನ್ನು ಗೆದ್ದಿತು. ದಾವೆ ಸೋತು ಐನೂರು ವರ್ಷವಾಗುತ್ತ ಬಂದಿದ್ದರೂ ಆ ಪಟ್ಟಿಯನ್ನು ಮನೆತನ ಮರೆತಿರಲಿಲ್ಲ. ನಮ್ಮೂರ ಕಡೆಯ ಗಡಿಕಲ್ಲಿನ ವ್ಯಾಜ್ಯಗಳನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನಿಲ್ಲ.

1484ರಲ್ಲಿ ಮೂರನೆಯ ರಿಚರ್ಡನು ಈ ಹೆರಾಲ್ಡರಿಗೆ ಸನದು ಕೊಟ್ಟು ಒಂದು ಸಂಸ್ಥೆಯನ್ನಾಗಿ ಮಾಡಿದನು. ಅದೇ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್. ಮರುವರ್ಷವೇ ದೊರೆ ಯುದ್ಧದಲ್ಲಿ ಮಡಿದುದರಿಂದ ಅವರ ಮನೆ ಕೈತಪ್ಪಿತು. 1555ರಲ್ಲಿ ಮತ್ತೆ ಸನದು ಸಿಕ್ಕಿತು. 1666ರ ಮಹಾ ಬೆಂಕಿಯಲ್ಲಿ ಕಟ್ಟಡ ಸುಟ್ಟುಹೋದರೂ ಕಡತಗಳು ಉಳಿದವು. ಅಲ್ಲಿ ಮೂವರು ‘ಲಾಂಛನರಾಜರು’, ಆರು ಮಂದಿ ಹೆರಾಲ್ಡರು, ನಾಲ್ವರು ಕಿರಿಯರು, ಹೀಗೆ ಹದಿಮೂರು ಹುದ್ದೆಗಳು. ಆ ಹುದ್ದೆಗಳು ಇಂದಿಗೂ ಇವೆ.

ಹದಿಮೂರು ಜನ ವಿದ್ವಾಂಸರು ಒಂದೇ ಕಟ್ಟಡದಲ್ಲಿದ್ದ ಮೇಲೆ ಅಲ್ಲಿ ಏನು ನಡೆದೀತು ಎಂಬುದನ್ನು ಉಪಾಧ್ಯಾಯರ ಕೊಠಡಿಯಲ್ಲಿ ಮೂರು ದಶಕ ಕಳೆದವನಿಗೆ ಯಾರೂ ವಿವರಿಸಬೇಕಾಗಿಲ್ಲ. ಒಂದನೆಯ ಎಲಿಜಬೆತ್ ರಾಣಿಯ ಕೊನೆಯ ವರ್ಷಗಳಲ್ಲಿ ಅಲ್ಲಿ ರಾಲ್ಫ್ ಬ್ರೂಕ್ ಎಂಬ ಯಾರ್ಕ್ ಹೆರಾಲ್ಡನಿದ್ದನು. ಕೆಲಸದಲ್ಲಿ ನಿಪುಣ, ಸ್ವಭಾವದಲ್ಲಿ ಕಹಿ. 1597ರಲ್ಲಿ ಒಂದು ದೊಡ್ಡ ಹುದ್ದೆ ತೆರವಾದಾಗ ಅದು ತನಗೇ ಬರುವುದೆಂದು ಅವನು ಭಾವಿಸಿದ್ದನು. ಅದು ಬಂದದ್ದು ಹೊರಗಿನವನಾದ ವಿಲಿಯಂ ಕ್ಯಾಮ್ಡನನಿಗೆ. ಈ ಕ್ಯಾಮ್ಡನ್ ವೆಸ್ಟ್‌ಮಿನ್‌ಸ್ಟರ್ ಶಾಲೆಯ ಮುಖ್ಯೋಪಾಧ್ಯಾಯ! ನಾಟಕಕಾರ ಬೆನ್ ಜಾನ್ಸನ್ ಅವನ ಶಿಷ್ಯ. ಗುರುವಿಗೆ ತನ್ನ ನಾಟಕವೊಂದನ್ನು ಅರ್ಪಿಸಿ ಕೃತಜ್ಞತೆ ತೋರಿದವನು. ಕ್ಯಾಮ್ಡನ್ ಇಂಗ್ಲೆಂಡಿನ ಇತಿಹಾಸವನ್ನು ಊರೂರು ತಿರುಗಿ ಬರೆದ ಪಂಡಿತ. ಬ್ರೂಕನು ಆ ಗ್ರಂಥದಲ್ಲಿಯ ದೋಷಗಳನ್ನು ಹೆಕ್ಕಿ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿದನು.

ಅಷ್ಟಕ್ಕೆ ನಿಲ್ಲಲಿಲ್ಲ. 1602ರಲ್ಲಿ ಅವನು ಇಪ್ಪತ್ತಮೂರು ಮಂದಿಯ ಪಟ್ಟಿ ಮಾಡಿ, ಇವರೆಲ್ಲ ಯೋಗ್ಯತೆಯಿಲ್ಲದವರು, ಇವರಿಗೆ ಲಾಂಛನ ಕೊಟ್ಟದ್ದು ತಪ್ಪು ಎಂದು ಆರೋಪಿಸಿದನು. ಆ ಪಟ್ಟಿಯಲ್ಲಿದ್ದ ಒಂದು ಹೆಸರು ಷೇಕ್ಸ್‌ಪಿಯರ್. 1596ರಲ್ಲಿ ಸ್ಟ್ರಾಟ್‌ಫರ್ಡಿನ ಕೈಗವಸು ವ್ಯಾಪಾರಿ ಜಾನ್ ಷೇಕ್ಸ್‌ಪಿಯರನಿಗೆ, ಅಂದರೆ ಕವಿಯ ತಂದೆಗೆ, ಲಾಂಛನ ಮಂಜೂರಾಗಿತ್ತು. ಚಿನ್ನದ ನೆಲ, ಕಪ್ಪು ಓರೆಪಟ್ಟಿ, ಪಟ್ಟಿಯ ಮೇಲೆ ಒಂದು ಈಟಿ. ಇಂಗ್ಲಿಷಿನಲ್ಲಿ ‘ಸ್ಪಿಯರ್’ ಎಂದರೆ ಈಟಿ. ಹೆಸರಿನ ಮೇಲಿನ ಶ್ಲೇಷೆ. (ಸ್ಪೇನಿನ ಕ್ಯಾಸ್ಟೀಲ್ ರಾಜ್ಯಕ್ಕೆ ಕೋಟೆ, ಲೆಯಾನ್ ರಾಜ್ಯಕ್ಕೆ ಸಿಂಹ, ಇವೂ ಇಂಥವೇ.) ಬ್ರೂಕನ ಕಣ್ಣಿಗೆ ಕಂಡದ್ದು ಈಟಿಯಲ್ಲ, ‘ಆಟಗಾರ ಷೇಕ್ಸ್‌ಪಿಯರ್’, ಅಂದರೆ ಬಣ್ಣ ಹಚ್ಚುವ ನಾಟಕದವನು. ಜಾನನು ಊರಿನಲ್ಲಿ ನ್ಯಾಯಾಧಿಕಾರ ನಡೆಸಿದ ಗಣ್ಯನೆಂದು ಕ್ಯಾಮ್ಡನ್ ಮತ್ತು ಅವನ ಸಹೋದ್ಯೋಗಿ ಉತ್ತರ ಬರೆದರು. ಲಾಂಛನ ಉಳಿಯಿತು. ಮೇಷ್ಟ್ರೊಬ್ಬನು ನಾಟಕದವನ ಪರ ನಿಂತನೆಂಬುದು ನನಗೆ ವೈಯಕ್ತಿಕವಾಗಿ ಸಂತೋಷದ ವಿಷಯ.

ಬ್ರೂಕನ ಕತೆ 1616ರ ಡಿಸೆಂಬರಿನಲ್ಲಿ ತುದಿ ಮುಟ್ಟಿತು. ಮೇಲಧಿಕಾರಿ ವಿಲಿಯಂ ಸೀಗರನನ್ನು ಬಲೆಗೆ ಕೆಡಹಬೇಕೆಂದು, ಗ್ರೆಗರಿ ಬ್ರ್ಯಾಂಡನ್ ಎಂಬ ‘ಮಹನೀಯ’ನಿಗೆ ಲಾಂಛನ ದೃಢೀಕರಿಸುವಂತೆ ಅವನು ಅರ್ಜಿ ಹಾಕಿಸಿದನು. ಸೀಗರನು ಶುಲ್ಕ ಪಡೆದು ಸಹಿ ಹಾಕಿದನು. ಆ ಬ್ರ್ಯಾಂಡನ್ ಲಂಡನ್ನಿನ ಗಲ್ಲಿಗೇರಿಸುವ ಕೊರಡಿಗ! ಅವನಿಗೆ ಸಿಕ್ಕ ಲಾಂಛನವೋ ಅರಗಾನ್ ರಾಜ್ಯದ್ದು. ದೊರೆ ಜೇಮ್ಸನಿಗೆ ಸುದ್ದಿ ಮುಟ್ಟಿತು. ಮೋಸಹೋದದ್ದಕ್ಕೆ ಸೀಗರನನ್ನೂ ಮೋಸಮಾಡಿದ್ದಕ್ಕೆ ಬ್ರೂಕನನ್ನೂ ಒಂದೇ ಸೆರೆಮನೆಗೆ ಕಳುಹಿಸಲಾಯಿತು.

ಪೂರ್ವಿಕರ ವ್ಯಾಮೋಹ ಓದಿಕೊಂಡವರನ್ನೂ ಬಿಡಲಿಲ್ಲ. ಹದಿಮೂರನೆಯ ಶತಮಾನದ ಕೊನೆಯ ಭಾಗದ ‘ಡೇರಿಂಗ್ ಸುರುಳಿ’ ಎಂಬುದು ಮೂಲರೂಪದಲ್ಲಿಯೇ ಉಳಿದಿರುವ ಇಂಗ್ಲಿಷ್ ಲಾಂಛನ ಸುರುಳಿಗಳಲ್ಲಿ ಅತ್ಯಂತ ಹಳೆಯದು. ಅದರಲ್ಲಿ 324 ಗುರಾಣಿಗಳಿವೆ. ಹದಿನೇಳನೆಯ ಶತಮಾನದಲ್ಲಿ ಅದು ಸರ್ ಎಡ್ವರ್ಡ್ ಡೇರಿಂಗ್ ಎಂಬ ಪುರಾತನ ವಸ್ತುಪ್ರೇಮಿಯ ಕೈಗೆ ಬಂದಿತು. ಆತನು ಅದರಲ್ಲಿಯ ಒಂದು ಗುರಾಣಿಯನ್ನು ಕೆರೆದು ಅಳಿಸಿ, ಆ ಜಾಗದಲ್ಲಿ ಎಂದೂ ಇರದಿದ್ದ ತನ್ನ ಪೂರ್ವಿಕನೊಬ್ಬನ ಹೆಸರನ್ನು ಬರೆದನು! ಮುನ್ನೂರಕ್ಕೂ ಹೆಚ್ಚು ವರ್ಷ ಬಾಳಿ ಬಂದಿದ್ದ ಒಂದು ದಾಖಲೆಯನ್ನು, ಅದನ್ನು ಪ್ರೀತಿಸಿ ಕಾಪಾಡಿದವನೇ ಕೆಡಿಸಿದನು. ಅಜ್ಞಾನಿಯ ಕೈಗೆ ಸಿಕ್ಕಿದ್ದರೆ ಅದು ಗೆದ್ದಲಿಗೆ ಆಹಾರವಾಗುತ್ತಿತ್ತು, ನಿಜ. ಆದರೂ ಈ ಅಪರಾಧ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಆ ಸುರುಳಿಯನ್ನು 2008ರಲ್ಲಿ ಬ್ರಿಟಿಷ್ ಲೈಬ್ರರಿ ಕೊಂಡುಕೊಂಡಿತು.

ಫ್ರಾನ್ಸಿನಲ್ಲಿ 1790ರ ಜೂನ್ 19ರಂದು, ಕ್ರಾಂತಿಯ ಸಭೆ ಕುಲೀನ ಪದವಿಗಳೊಂದಿಗೆ ಲಾಂಛನಗಳನ್ನೂ ರದ್ದು ಮಾಡಿತು. 1808ರಲ್ಲಿ ನೆಪೋಲಿಯನ್ ಹೊಸ ಕುಲೀನರನ್ನು ಸೃಷ್ಟಿಸಿ ಹೊಸ ಲಾಂಛನಗಳನ್ನು ಕೊಟ್ಟನು. ಇದರ ವಿವರಕ್ಕೆ ಈಗ ಹೋಗುವುದಿಲ್ಲ. ನನಗೆ ಮುಖ್ಯವೆನಿಸುವುದು ಅನಂತರದ ಬೆಳವಣಿಗೆ. ಗುರಾಣಿ ಹಿಡಿಯುವ ಯುದ್ಧಗಳು ಹೋದವು, ದೊರೆಗಳ ಅಧಿಕಾರ ಕುಗ್ಗಿತು. ಆಗ ಈ ವಿದ್ಯೆಯನ್ನು ಎತ್ತಿಕೊಂಡವರು ಸಾಮಾನ್ಯ ಆಸಕ್ತರು. ಬರ್ಲಿನ್ನಿನಲ್ಲಿ 1869ರಲ್ಲಿ, ವಿಯೆನ್ನಾದಲ್ಲಿ 1870ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ 1891ರಲ್ಲಿ ಇಂಥವರ ಸಂಘಗಳು ಹುಟ್ಟಿದವು. ಹೆರಾಲ್ಡರ ತವರಾದ ಇಂಗ್ಲೆಂಡಿನಲ್ಲಿ 1947ರಲ್ಲಿ, ಅಂದರೆ ನಮಗೆ ಸ್ವಾತಂತ್ರ್ಯ ಬಂದ ವರ್ಷ, ಜಾನ್ ಬ್ರೂಕ್-ಲಿಟ್ಲ್ ಎಂಬ ಇಪ್ಪತ್ತು ವರ್ಷದ ತರುಣ ಲಾಂಛನಾಸಕ್ತರ ಸಂಘವೊಂದನ್ನು ಸ್ಥಾಪಿಸಿದ. 1950ರಲ್ಲಿ ಅದಕ್ಕೆ ‘ಹೆರಾಲ್ಡ್ರಿ ಸೊಸೈಟಿ’ ಎಂಬ ಹೆಸರು ಬಂದಿತು; ಅದೇ ವರ್ಷ ‘ದಿ ಕೋಟ್ ಆಫ್ ಆರ್ಮ್ಸ್’ ಎಂಬ ಪತ್ರಿಕೆಯೂ ಆರಂಭವಾಯಿತು. ಸದಸ್ಯನಾಗಲು ಕುಲೀನನಾಗಿರಬೇಕಿಲ್ಲ, ಸ್ವಂತ ಲಾಂಛನವಿರಬೇಕಿಲ್ಲ, ಆಸಕ್ತಿಯೊಂದಿದ್ದರೆ ಸಾಕು. ಆ ತರುಣ 1956ರಲ್ಲಿ ಕಾಲೇಜ್ ಆಫ್ ಆರ್ಮ್ಸ್ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, 1995ರಲ್ಲಿ ಲಾಂಛನರಾಜರ ಹುದ್ದೆಗಳಲ್ಲೊಂದಕ್ಕೆ ಬಂದ. ಕ್ಯಾಮ್ಡನ್ ಮೇಷ್ಟ್ರು ಅಲಂಕರಿಸಿದ್ದ ಅದೇ ಹುದ್ದೆ! 2006ರಲ್ಲಿ ಅವರು ನಿಧನರಾದರು. ಪ್ರೌಢಶಾಲೆಯ ಮಕ್ಕಳು ಹುಚ್ಚು ಹವ್ಯಾಸ ಹಚ್ಚಿಕೊಂಡಾಗ ಬೈಯುವ ತಂದೆತಾಯಿಗಳು ನಿಮ್ಮಲ್ಲಿಯೂ ಈಗ ಇದ್ದೀರಿ. ಅದಕ್ಕಾಗಿ ಈ ಪ್ರಸಂಗವನ್ನು ತುಸು ವಿಸ್ತರಿಸಿದೆ.

ಪರದೇಶದಲ್ಲಿರುವ ಶಿಷ್ಯರಿಗೆ ಒಂದು ಎಚ್ಚರಿಕೆ. ಅಲ್ಲಿಯ ಮಾರುಕಟ್ಟೆಗಳಲ್ಲಿ ನಿಮ್ಮ ಮನೆತನದ ಹೆಸರು ಹೇಳಿದರೆ ಅದರ ‘ಪ್ರಾಚೀನ ಲಾಂಛನ’ವನ್ನು ಚೌಕಟ್ಟು ಹಾಕಿ ಕೊಡುವ ಅಂಗಡಿಗಳಿವೆ. ಇಂಗ್ಲಿಷ್ ಪದ್ಧತಿಯಲ್ಲಿ ಲಾಂಛನವು ಒಬ್ಬ ವ್ಯಕ್ತಿಗೂ ಅವನ ಸಂತತಿಗೂ ಸೇರಿದ್ದೇ ಹೊರತು, ಒಂದು ಹೆಸರನ್ನು ಇಟ್ಟುಕೊಂಡ ಎಲ್ಲರಿಗೂ ಸೇರಿದ್ದಲ್ಲ. ಸ್ಮಿತ್ ಎಂಬವರಿಗೇ ಅದು ಸಲ್ಲದೆಂದ ಮೇಲೆ ಹೆಗಡೆ, ಗೌಡ, ಪಾಟೀಲರಿಗೆ ಹೇಗೆ ಸಂದೀತು?

ಹಾಗಾದರೆ ನಮ್ಮಲ್ಲಿ ಲಾಂಛನಗಳಿರಲಿಲ್ಲವೇ? ಧಾರಾಳವಾಗಿದ್ದವು. ಚಾಲುಕ್ಯರ ವರಾಹ, ರಾಷ್ಟ್ರಕೂಟರ ಗರುಡ, ಗಂಗರ ಆನೆ, ಸಿಂದರ ಹುಲಿ, ಸವದತ್ತಿಯ ರಟ್ಟರ ಆನೆ ಮತ್ತು ಸುವರ್ಣಗರುಡಧ್ವಜ, ಕದಂಬರ ಸಿಂಹಲಾಂಛನ ಮತ್ತು ವಾನರಧ್ವಜ, ಇವೆಲ್ಲ ತಾಮ್ರಪಟಗಳಲ್ಲಿ, ಶಾಸನಗಳ ಬಿರುದಾವಳಿಗಳಲ್ಲಿ ಬರುತ್ತವೆ. ಆದರೆ ಇವು ರಾಜವಂಶಗಳ ಚಿಹ್ನೆಗಳು. ಒಬ್ಬೊಬ್ಬ ಸಾಮಂತನ ಮಗನಿಗೂ ಮೊಮ್ಮಗನಿಗೂ ಭೇದ ತೋರಿಸುವ ನಿಯಮಗಳಾಗಲಿ, ಅದನ್ನು ಬರೆದಿಡುವ ಹದಿಮೂರು ಹುದ್ದೆಗಳಾಗಲಿ ಇಲ್ಲಿ ಬೆಳೆಯಲಿಲ್ಲ. ಗಂಡಭೇರುಂಡವನ್ನೇ ನೋಡಿ. ಬಳ್ಳಿಗಾವೆಯಲ್ಲಿ 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಅದಿದೆ. ಮೈಸೂರು ಒಡೆಯರಲ್ಲಿ ಅದಿದೆ. ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿ ಇದೆ. ಕೆಂಪು ಬಸ್ಸಿನ ಮೇಲೂ ಅದನ್ನು ನಿತ್ಯ ಕಾಣುತ್ತೇವೆ.

ಎರಡು ಸಂಪ್ರದಾಯಗಳು ಎದುರುಬದುರಾದದ್ದು 1877ರ ಜನವರಿ 1ರ ದೆಹಲಿ ದರ್ಬಾರಿನಲ್ಲಿ. ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರುವ ಆ ಸಮಾರಂಭಕ್ಕಾಗಿ ರಾಬರ್ಟ್ ಟೇಲರ್ ಎಂಬ ಬಂಗಾಳದ ಸಿವಿಲ್ ಅಧಿಕಾರಿ ದೇಶೀಯ ರಾಜರಿಗೆಲ್ಲ ಯುರೋಪಿನ ಮಾದರಿಯ ಗುರಾಣಿ ಲಾಂಛನಗಳನ್ನು ರಚಿಸಿದನು. ಅವುಗಳನ್ನು ರೇಷ್ಮೆಯ ಪತಾಕೆಗಳ ಮೇಲೆ ಕಸೂತಿ ಮಾಡಿಸಿ ಒಬ್ಬೊಬ್ಬರಿಗೂ ಕೊಡಲಾಯಿತು. ಕೋಲಿನ ಸಮೇತ ಅವು ಎಷ್ಟು ಭಾರವಾಗಿದ್ದವೆಂದರೆ, ಒಂದನ್ನು ಎತ್ತಲು ಇಬ್ಬರು ದಷ್ಟಪುಷ್ಟ ಹೈಲ್ಯಾಂಡ್ ಸೈನಿಕರು ಬೇಕಾಗಿದ್ದರೆಂದು ವೈಸರಾಯ್ ಲಿಟ್ಟನ್ ಸ್ವತಃ ರಾಣಿಗೆ ಬರೆದನು. ಗುರುತಿಗಾಗಿ ಹುಟ್ಟಿದ್ದು ಅಧೀನತೆಯ ಚೀಟಿಯಾಯಿತು. ಕೊಡುವವನು ಮೇಲೆ, ಪಡೆಯುವವನು ಕೆಳಗೆ. ಸಾವಿರ ವರ್ಷದಷ್ಟು ಹಳೆಯ ಲಾಂಛನಗಳ ನಾಡಿಗೆ ಬಂದು ಲಾಂಛನ ದಯಪಾಲಿಸುವುದೆಂದರೆ ಏನು?

ಇನ್ನು ನಮ್ಮ ಬಂಧುಗಳ ವಿಚಾರ. ಮುಂದಿನ ಬೇಸಿಗೆಯಲ್ಲಿ ಕುಟುಂಬದವರೆಲ್ಲ ಸೇರುವ ಸಂದರ್ಭಕ್ಕೆ ನಮಗೂ ಒಂದು ಲಾಂಛನ ಬೇಕೆಂದು ಚಿಕ್ಕಪ್ಪನ ಮೊಮ್ಮಗನೊಬ್ಬ ಕೇಳಿದ್ದಾನೆ; ಗಂಡಭೇರುಂಡವನ್ನೇ ಹಾಕೋಣವೆಂದು ಅವನ ಸಲಹೆ. ಹಿರಿಯರಲ್ಲಿ ಕೆಲವರಿಗೆ ಇದು ಹಿಡಿಸಿಲ್ಲ. ರೈತರ ಮನೆಗೆ ಲಾಂಛನವೇಕೆ ಎಂದು ಅವರ ಪ್ರಶ್ನೆ. ಆ ಪ್ರಶ್ನೆಗೆ ಬಾರ್ತೊಲೊ ಎಂಬ ಇಟಲಿಯ ಧರ್ಮಶಾಸ್ತ್ರಜ್ಞನು 1350ರ ದಶಕದಲ್ಲಿಯೇ ಉತ್ತರ ಹೇಳಿದ್ದಾನೆ. ಹೆಸರನ್ನು ಇಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಹಾಗೆಯೇ ಚಿಹ್ನೆಯನ್ನು ಇಟ್ಟುಕೊಳ್ಳಲು ಸಹ ಬೇಡ, ಇನ್ನೊಬ್ಬನಿಗೆ ಅದರಿಂದ ಹಾನಿಯಾಗಬಾರದು ಅಷ್ಟೆ. ಜರ್ಮನಿಯವನೊಬ್ಬ ರೋಮಿಗೆ ಬಂದು ತನ್ನದೇ ಚಿಹ್ನೆಯನ್ನು ಅಲ್ಲಿಯವನೊಬ್ಬನಲ್ಲಿ ಕಂಡರೆ ಆಕ್ಷೇಪಿಸುವಂತಿಲ್ಲ, ಅಷ್ಟು ದೂರದಲ್ಲಿ ಗೊಂದಲವೇ ಆಗದು ಎಂದು ಅವನ ಉದಾಹರಣೆ. ಹದಿಮೂರು ಮಂದಿ ಹೆರಾಲ್ಡರಿಗಿಂತ ಈತನ ಮಾತೇ ನನಗೆ ನ್ಯಾಯವಾಗಿ ತೋರುತ್ತದೆ.

ಆದರೆ ಗಂಡಭೇರುಂಡ ಬೇಡ. ಅದು ರಾಜ್ಯದ ಲಾಂಛನ; ಸರ್ಕಾರದ ಲಾಂಛನಗಳ ದುರ್ಬಳಕೆಯನ್ನು ತಡೆಯಲು 1950ರಷ್ಟು ಹಿಂದೆಯೇ ಕಾಯಿದೆಯಾಗಿದೆ. ಕಾಯಿದೆ ಇರದಿದ್ದರೂ ಅದು ನಮ್ಮ ಕುಟುಂಬದ್ದಲ್ಲ. ಖಡ್ಗ, ಕಿರೀಟ, ಸಿಂಹಗಳೂ ಬೇಡ. ನಮ್ಮ ಅಜ್ಜ ಯಾರೊಂದಿಗೂ ಯುದ್ಧ ಮಾಡಲಿಲ್ಲ; ತೋಟ ಮಾಡಿದರು. ಹಸಿರು ನೆಲದ ಮೇಲೆ ಚಿನ್ನದ ಬಣ್ಣದ ಒಂದು ಅಡಿಕೆ ಸಿಂಗಾರ ಇರಲಿ. ಬಣ್ಣದ ಮೇಲೆ ಲೋಹ, ನಿಯಮಕ್ಕೂ ಸರಿ. ಕೆಳಗೆ ಯಾವ ಇಸವಿಯನ್ನೂ ಹಾಕಬೇಡಿ, ಕೇಳಿದವರಿಗೆ ಈ ವರ್ಷದ್ದೇ ಎಂದು ಹೇಳಿ. ಚಿತ್ರ ಬರೆಯಬಲ್ಲ ಮಕ್ಕಳು ಯುಗಾದಿಯೊಳಗೆ ಒಂದೊಂದು ನಮೂನೆ ಬರೆದು ನನಗೆ ಕಳುಹಿಸಲಿ. ಹಿಂದಿನ ಬೆಂಚಿನಷ್ಟು ದೂರದಿಂದ ನೋಡಿ ಒಂದನ್ನು ಆರಿಸುತ್ತೇನೆ.